ಹೋಸಿಯತ್ ಓಪಾ ತುಂಬಿದ ಅರ್ಜಿ

"ಹದಿನೈದು ಮಕ್ಕಳಾ? ಈ ಮನೇಲಾ?"

ಕೋಸಿಮ್ ರೊಟ್ಟಿಯ ತುಂಡನ್ನು ಸಾರಿಗೆ ಅದ್ದುವುದನ್ನು ಮರೆತು ಹೆಂಡತಿಯ ಮುಖ ನೋಡಿದ.

"ಈ ಮನೇಲೇ. ಆ ದೊಡ್ಡ ಕೋಣೆ ವರ್ಷಕ್ಕೆ ನಾಲ್ಕು ಸಲ ನೆಂಟರಿಗೆ ಅಂತ ಬಾಗಿಲು ತೆಗೆಯುತ್ತೆ. ಉಳಿದ ದಿನ ಕೌದಿಗಳು ಅಲ್ಲಿ ಆರಾಮಾಗಿ ಮಲಗಿರ್ತವೆ, ನಾವು ಈಚೆ ಮುದುರಿಕೊಂಡಿರ್ತೀವಿ" ಎಂದಳು ಹೋಸಿಯತ್.

ಆ ದಿನ ಮಧ್ಯಾಹ್ನ ತಮ್ಮ ಕೇರಿಯ, ಮಹಲ್ಲಾದ ಹೆಂಗಸರ ಸಭೆಯಿಂದ ಅವಳು ಕಾಲು ನೆಲಕ್ಕೆ ತಾಕದಂತೆ ಮನೆಗೆ ಬಂದಿದ್ದಳು. ಮನೆಯಲ್ಲೇ ಶಿಶುವಿಹಾರ ತೆರೆಯುವವರಿಗೆ ಸರ್ಕಾರದವರು ಪುಟ್ಟ ಮೇಜು, ಕುರ್ಚಿ, ಮಂಚಗಳನ್ನು ಪುಕ್ಕಟೆ ಕೊಡುತ್ತಾರಂತೆ. ತೆರೆಯುವವರು ಓದಿದ ಶಿಕ್ಷಕಿಯಾಗಿರಬೇಕು, ಅಷ್ಟೆ. ಓಲ್ತಿಯಾರಿಕ್‌ನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿ, ಏಳು ವರ್ಷದಿಂದ ಮನೆಯಲ್ಲಿ ಕೂತವಳು ಅವಳು. ಅರವತ್ತೆರಡು ವಯಸ್ಸು. ಬೀದಿಯ ಅರ್ಧ ಜನ ಅವಳ ಕೈಯಲ್ಲೇ ಅ ಆ ತಿದ್ದಿದವರು. ಈಗಲೂ ಎದುರಾದರೆ ಕೈ ಎದೆಗಿಟ್ಟು, ಅಕ್ಕನೆಂಬ ಗೌರವದಿಂದ "ಓಪಾ" ಎನ್ನುವವರು. ಅವರ ಹೆಂಡಂದಿರೆಲ್ಲ ಹೊತ್ತು ಹುಟ್ಟುವ ಮುಂಚೆ ಗಾರ್ಮೆಂಟ್ಸಿಗೋ ನಿಂಬೆತೋಟಕ್ಕೋ ಹೊರಟುಬಿಡುತ್ತಾರೆ. ಮಕ್ಕಳು ಬೀದಿಯ ಪಾಲು.

"ಇಪ್ಪತ್ತೈದನೇ ತಾರೀಕಿನೊಳಗೆ ಅರ್ಜಿ ಹಾಕ್ಬೇಕು. ಕಂಪ್ಯೂಟರಿನಲ್ಲಿ" ಎಂದಳು ಹೋಸಿಯತ್.

"ಕಂಪ್ಯೂಟರಾ!" ಕೋಸಿಮ್ ನಕ್ಕ. "ಟೀವಿ ರಿಮೋಟು ತಲೆಕೆಳಗು ಹಿಡಿಯೋಳು ನೀನು. ಅದು ಹೋಗ್ಲಿ, ಹದಿನೈದು ಹೊಟ್ಟೆಗೆ ಬೇಯಿಸಿ ಹಾಕೋರು ಯಾರು?"

"ಯಾರು ಅಂದ್ರೆ? ಓಯ್ದಿನ್ ಇದಾಳಲ್ಲ!"

ಚಹಾ ಬಗ್ಗಿಸುತ್ತಿದ್ದ ಸೊಸೆ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಗಂಡ ಬೋತಿರ್ ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದ. ಫರ್ಗಾನಾ ದಾರಿಯಲ್ಲಿ ಬಾಡಿಗೆ ಕಾರು ಓಡಿಸುವ ಬೋತಿರ್ ರಸ್ತೆಯಲ್ಲಿ ಹಾರ್ನು ಹೊಡೆಯುವಷ್ಟು ಬಾಯನ್ನು ಮನೆಯಲ್ಲಿ ತೆರೆಯುವವನಲ್ಲ.

"ಅಮ್ಮ, ಒಂದು ಮಾತು ಹೇಳ್ಬೇಕಿತ್ತು" ಎಂದಳು ಓಯ್ದಿನ್. "ಗಾರ್ಮೆಂಟ್ಸ್‌ನಲ್ಲಿ ನನ್ನನ್ನ ಸೂಪರ್‌ವೈಸರ್ ಮಾಡ್ತಾರಂತೆ. ಮಾರ್ಚ್ ಒಂದರಿಂದ. ಈಗಿನ ಹಾಗೆ ಅರ್ಧ ದಿನ ಅಲ್ಲ, ಪೂರ್ತಿ ದಿನ."

"ಪೂರ್ತಿ ದಿನ?" ಕೋಸಿಮ್ ಹುಬ್ಬೇರಿಸಿದ. "ಮತ್ತೆ ಈ ಮನೆ ಒಲೆ ಯಾರು ಹಚ್ಚೋದು, ಪಕ್ಕದ ಮನೆಯೋರಾ?"

"ಅದನ್ನೇ ಕೇಳ್ತಿರೋದು ಅಪ್ಪ. ಒಂಬತ್ತು ವರ್ಷದಿಂದ ಹಚ್ಚಿದೀನಿ. ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸೋದು ನಾನು, ತಂದೂರಿಗೆ ಬೆಂಕಿ ಹಾಕೋದು ನಾನು, ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆಯೋದು ನಾನು. ಒಂದು ದಿನ ತುಟಿ ಪಿಟಕ್ ಅಂದಿಲ್ಲ. ಈಗ ಹದಿನೈದು ಮಕ್ಕಳಿಗೂ ನಾನೇನಾ? ಕೇಳೋದಾದ್ರೂ ಬೇಡ್ವಾ?"

"ನಾನೇನು ನನ್ನ ಸುಖಕ್ಕೆ ಹೇಳ್ದೆನಾ?" ಹೋಸಿಯತ್‌ಳ ದನಿ ಏರಿತು.

"ಅಲ್ವಾ ಅಮ್ಮ? ಸಭೆಯಿಂದ ಬಂದಾಗಿಂದ ನಿಮ್ಮ ಮುಖ ನೋಡಿದೀನಿ. ಮದುವೆ ಹುಡುಗಿ ಹಾಗಿದೆ."

ಅದು ನಿಜವೇ ಆಗಿತ್ತು. ಆ ರಾತ್ರಿ ಪಾತ್ರೆ ತೊಳೆಯುವಾಗ ಅಡುಗೆಮನೆಯಿಂದ ಬಂದ ಸದ್ದು ಎಂದಿಗಿಂತ ಜೋರಾಗಿತ್ತು.

ಹಾಗೆಂದು ಹೋಸಿಯತ್ ಸುಮ್ಮನಾಗಲಿಲ್ಲ. ಮರುದಿನವೇ ಫೋನಿನಲ್ಲಿ ಅರ್ಜಿ ತೆರೆಯಲು ನೋಡಿದಳು. 'ದಯವಿಟ್ಟು ಕಂಪ್ಯೂಟರಿನಲ್ಲಿ ತೆರೆಯಿರಿ' ಎಂದಿತು ಫೋನು. ಬಜಾರಿನಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಗೆ ಹೋದರೆ, ಅಲ್ಲಿದ್ದವನು ಸೂರ್ಯಕಾಂತಿ ಬೀಜ ಜಗಿಯುತ್ತ, "ನಿಮ್ಮ ಪಾಸ್‌ವರ್ಡ್ ಬರೆದಿಟ್ಟು ಹೋಗಿ, ನಾಳೆ ಬನ್ನಿ" ಎಂದ. ಸರ್ಕಾರದ ಲೆಕ್ಕದಲ್ಲಿ ಆ ಪಾಸ್‌ವರ್ಡೇ ಅವಳ ಸಹಿ. "ನನ್ನ ಸಹಿ ನಿನ್ನ ಹತ್ರ ಬಿಟ್ಟು ಹೋಗ್ಲಾ?" ಎಂದು ಚೀಲ ಎತ್ತಿಕೊಂಡು ಹೊರಬಂದಳು.

ಬೀದಿಯಲ್ಲಿ ಒಂದೇ ಒಂದು ಲ್ಯಾಪ್‌ಟಾಪ್ ಇತ್ತು. ಪಕ್ಕದ ಮನೆಯ ಸಲೋಮತ್‌ಳ ಗಂಡ ಎರ್ಗಶ್ ಕೊರಿಯಾದಲ್ಲಿ ಐದು ವರ್ಷ ವೆಲ್ಡಿಂಗ್ ಮಾಡಿ ಬರುವಾಗ ತಂದದ್ದು. ಅದು ಅವರ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು, ಹೂದಾನಿಯ ಪಕ್ಕದಲ್ಲಿ ಮದುಮಗಳಂತೆ ಕೂತಿತ್ತು. ಸಲೋಮತ್ ಬಟ್ಟೆ ಸರಿಸಿ ಮುಚ್ಚಳ ಎತ್ತಿದಳು. ಹೋಸಿಯತ್ ಕನ್ನಡಕ ಸರಿಮಾಡಿಕೊಂಡು ಕೀಲಿಮಣೆ ನೋಡಿದಳು. ಪ್ರತಿ ಗುಂಡಿಯ ಮೇಲೂ ಕಡ್ಡಿ, ವೃತ್ತ, ಪುಟ್ಟ ಪುಟ್ಟ ಕುರ್ಚಿ ಕಾಲುಗಳು.

"ಇದೇನೇ ಸಲೋಮತ್, ಕೋಳಿ ಕೆದರಿದ ಹಾಗಿದೆ?"

"ಕೊರಿಯನ್ ಅಕ್ಷರ ಓಪಾ. ಮೂಲೇಲಿ ನೋಡಿ, ನಮ್ಮವೂ ಸಣ್ಣದಾಗಿ ಇವೆ."

ಇದ್ದವು, ಜೋಳದ ಕಾಳಿನಷ್ಟು ಗಾತ್ರದಲ್ಲಿ. ತಾನೇ ಸಾವಿರ ಮಕ್ಕಳಿಗೆ ಕಲಿಸಿದ ಅಕ್ಷರಗಳು ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದನ್ನು ಅವಳು ಕಂಡೇ ಇರಲಿಲ್ಲ. H ಎಲ್ಲೋ, O ಎಲ್ಲೋ. ತನ್ನ ಹೆಸರಿನ ಏಳು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಸಲೋಮತ್ ಎರಡು ಲೋಟ ಚಹಾ ಕುಡಿದಿದ್ದಳು. ಕೊನೆಯ ಅಕ್ಷರ ಒತ್ತಿದಾಗ ಪರದೆಯ ನಡುವೆ ಒಂದು ಪೆಟ್ಟಿಗೆ ಧುತ್ತೆಂದು ಎದ್ದು ಕೊರಿಯನ್‌ನಲ್ಲಿ ಏನೋ ಬೈಯಿತು.

"ಎರ್ಗಶ್!" ಎಂದು ಸಲೋಮತ್ ಕಿಟಕಿಯಿಂದ ಕೂಗಿದಳು.

ಅಂಗಳದ ಶೆಡ್ಡಿನಲ್ಲಿ ಗೇಟು ಬೆಸೆಯುತ್ತಿದ್ದ ಎರ್ಗಶ್ ಅಲ್ಲಿಂದಲೇ ಕೂಗಿದ: "ಎಡಗಡೆ ಗುಂಡಿ! ಹ್ವಾಗಿನ್! ಹ್ವಾಗಿನ್ ಅಂದ್ರೆ ಸರಿ ಅಂತ!"

ಒತ್ತಿದಳು. ಪೆಟ್ಟಿಗೆ ಮಾಯವಾಯಿತು. ಹೋಸಿಯತ್ ಚಪ್ಪಾಳೆ ತಟ್ಟಿ ಚಿಕ್ಕ ಹುಡುಗಿಯಂತೆ ನಕ್ಕಳು.

ಅಂದಿನಿಂದ ಅವಳ ಮಧ್ಯಾಹ್ನಗಳೆಲ್ಲ ಸಲೋಮತ್‌ಳ ಮನೆಯಲ್ಲೇ. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಸುಂಬುಲ್ ಕೂಡ ಬಂದು ಮೊಣಕಾಲೂರಿ ಕೂರುತ್ತಿದ್ದಳು. ಎಂಟು ವರ್ಷದವಳು, ಅಜ್ಜಿಯ ಬೆರಳು ತಪ್ಪು ಗುಂಡಿಯ ಕಡೆ ಹೊರಟರೆ ಸಾಕು, "ಅಜ್ಜೀ, ಊಹ್ಞೂಂ!" ಎನ್ನುತ್ತಿದ್ದಳು. ಮೊದಲ ಪುಟದಲ್ಲೇ ಮೂರು ದಿನ ಹೋಯಿತು. ಮನೆತನದ ಹೆಸರು ಯೋಲ್ದೋಶೆವಾ. ಅದರ ಓಕಾರದ ತಲೆಯ ಮೇಲೆ ಒಂದು ಪುಟಾಣಿ ಅಲ್ಪವಿರಾಮ ಇರಬೇಕು. ಕೊರಿಯನ್ ಕೀಲಿಮಣೆಗೆ ಅದರ ಗೊಡವೆಯೇ ಇಲ್ಲ. ಅದಿಲ್ಲದೆ ಬರೆದರೆ 'ಪಾಸ್‌ಪೋರ್ಟಿನ ಹೆಸರಿಗೂ ಇದಕ್ಕೂ ತಾಳೆಯಿಲ್ಲ' ಎಂದು ಕೆಂಪಕ್ಷರ. ಬೇರೆ ಯಾವುದೋ ಚುಕ್ಕೆ ಇಟ್ಟರೂ ಕೆಂಪಕ್ಷರ.

"ಒಂದು ಅಲ್ಪವಿರಾಮಕ್ಕೆ ಹದಿನೈದು ಮಕ್ಕಳ ಭವಿಷ್ಯ ಸಿಕ್ಕಿಹಾಕ್ಕೊಂಡಿದೆಯಲ್ಲೇ" ಎಂದು ಹೋಸಿಯತ್ ಕೈಚೆಲ್ಲಿದಳು.

ಸುಂಬುಲ್ ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದವಳು ಹೇಳಿದಳು: "ಅಜ್ಜಿ, ಮೇಲೆ ದಪ್ಪಕ್ಷರದಲ್ಲಿ ಅವರೇ ಬರೆದಿದಾರಲ್ಲ, ಅದರಲ್ಲಿ ಆ ಓ ಇದೆ. ಅದನ್ನೇ ಎತ್ತಿ ಇಲ್ಲಿಟ್ಟರಾಗಲ್ವಾ? ನಮ್ಮ ಟೀಚರ್ ಹಂಗೇ ಮಾಡ್ತಾರೆ."

ಎತ್ತಿದರು, ಇಟ್ಟರು. ಕೆಂಪು ಹೋಗಿ ಹಸಿರಾಯಿತು. ಮೂವರೂ ಕಿರುಚಿದ ರಭಸಕ್ಕೆ ಎರ್ಗಶ್ ವೆಲ್ಡಿಂಗ್ ಮುಖವಾಡದಲ್ಲೇ ಓಡಿಬಂದ.

ಮನೆಯಲ್ಲಿ ಮಾತ್ರ ಬೇರೆ ಹವೆ. ಓಯ್ದಿನ್ ಬೇಕಾದಷ್ಟೇ ಮಾತಾಡುತ್ತಿದ್ದಳು: ಉಪ್ಪು ಮುಗಿದಿದೆ, ಮಗುವಿಗೆ ಕೆಮ್ಮು, ಬಟ್ಟೆ ಒಣಗಿಲ್ಲ. ಮಧ್ಯಾಹ್ನದ ಪಾಲಿನ ಅಡುಗೆ ಹೋಸಿಯತ್‌ಳದು. ಒಂದು ದಿನ ಕುಂಬಳಕಾಯಿ ಸೀದಿತು, ಇನ್ನೊಂದು ದಿನ ಒಲೆಯೇ ಹೊತ್ತಲಿಲ್ಲ. ನಿಂಬೆತೋಟದಿಂದ ಹಸಿದು ಬಂದ ಕೋಸಿಮ್ ಖಾಲಿ ಪಾತ್ರೆಗಳ ಮುಚ್ಚಳ ಎತ್ತಿ ಎತ್ತಿ ನೋಡಿ, ಗೊಣಗುತ್ತ ತಾನೇ ಈರುಳ್ಳಿ ಹೆಚ್ಚಿ ಅಕ್ಕಿ, ಕ್ಯಾರೆಟ್ಟು, ಮಾಂಸ ಹಾಕಿ ಬೇಯಿಸಿದ. ಅವತ್ತು ಸುಂಬುಲ್ ಮೂರು ಸಲ ಬಡಿಸಿಕೊಂಡಳು. ಅವಳ ತಮ್ಮ ಬಟ್ಟಲನ್ನೇ ನೆಕ್ಕಿದ.

ಹೋಸಿಯತ್ ಅದನ್ನು ನೋಡಿದಳು. ಅರ್ಜಿಯ ಮೂರನೇ ಪುಟದಲ್ಲಿ 'ಅಡುಗೆಯವರು' ಎಂಬ ಖಾಲಿ ಸಾಲು ಎರಡು ದಿನದಿಂದ ಅವಳನ್ನು ದಿಟ್ಟಿಸುತ್ತಿತ್ತು.

"ರೀ, ಐನೂರು ಜನದ ಮದುವೆಗೆ ಪಲಾವ್ ಮಾಡ್ತೀರಲ್ಲ, ಎಷ್ಟು ವರ್ಷದಿಂದ?"

"ಮೂವತ್ತು. ಯಾಕೆ?"

"ಸುಮ್ಮನೆ."

ಮರುದಿನ ಸಂಜೆ ಕೋಸಿಮ್ ಸಿಟ್ಟಿನಿಂದಲೇ ಸಲೋಮತ್‌ಳ ಮನೆ ಬಾಗಿಲಿಗೆ ಬಂದ. "ಮುದುಕೀ, ಹಾಸಿಗೆನೂ ಇಲ್ಲೇ ತಂದು ಹಾಕ್ಲಾ?" ಎಂದವನು ಪರದೆಯ ಕಡೆ ನೋಡಿ ನಿಂತ. ಅವನಿಗೆ ಹಳೇ ರಷ್ಯನ್ ಲಿಪಿಯೇ ರೂಢಿ, ಈ ಹೊಸ ಲಿಪಿ ಓದಲು ತಡವರಿಸುತ್ತಾನೆ. "ಅಲ್ಲಿ ನನ್ನ ಹೆಸರಿದ್ದ ಹಾಗಿದೆ?"

"ಇದೆ ಅಜ್ಜ" ಎಂದು ಸುಂಬುಲ್ ಗಟ್ಟಿಯಾಗಿ ಓದಿದಳು. "ಮುಖ್ಯ ಬಾಣಸಿಗ: ಯೋಲ್ದೋಶೆವ್ ಕೋಸಿಮ್. ಅನುಭವ: ಮೂವತ್ತು ವರ್ಷ."

"ನಾನಾ? ರವೆ ಗಂಜಿ ಕಾಯಿಸೋಕಾ? ಬೀದಿಯವರು ನಗ್ತಾರೆ!"

"ಯಾರು ನಗ್ತಾರೆ ಕೋಸಿಮ್ ಅಕಾ?" ಎಂದಳು ಸಲೋಮತ್, ಅವನನ್ನು ಅಣ್ಣ ಎಂದೇ ಕರೆಯುವವಳು. "ನಿಮ್ಮ ಪಲಾವ್ ತಿನ್ನದೆ ಮದುವೆಯಾದೋರು ಈ ಬೀದಿಯಲ್ಲಿ ಯಾರಿದಾರೆ?"

ಕೋಸಿಮ್ ಗಡ್ಡ ಕೆರೆದುಕೊಂಡ. "ಮುಖ್ಯ ಅಂತ ಸರ್ಕಾರವೇ ಬರೆದಿದೆಯಾ?"

"ಪಟ್ಟಿಯಲ್ಲಿತ್ತು. ನಾನು ಆರಿಸಿದೆ" ಎಂದಳು ಹೋಸಿಯತ್.

"ಹಂಗಾದ್ರೆ ಕ್ಯಾರೆಟ್ ನಾನೇ ಬಜಾರಿನಿಂದ ತರ್ತೀನಿ. ನೀನು ತರೋದು ಬರೀ ನೀರು" ಎಂದು ಹೇಳಿ, ಸಿಟ್ಟು ಮಾಡಿಕೊಳ್ಳಲು ಬಂದದ್ದನ್ನು ಮರೆತು ಹೋದ. ಎರಡೇ ದಿನದಲ್ಲಿ ಆಸ್ಪತ್ರೆಗೆ ಹೋಗಿ ಆರೋಗ್ಯದ ಸರ್ಟಿಫಿಕೇಟನ್ನೂ ತಂದುಕೊಟ್ಟ.

ಇಪ್ಪತ್ತೈದು ಬಂದೇಬಿಟ್ಟಿತು. ಸಂಜೆ ಆರಕ್ಕೆ ಅರ್ಜಿ ಮುಚ್ಚುತ್ತದೆ. ನಾಲ್ಕೂವರೆಗೆ ಹೋಸಿಯತ್ ಕೊನೆಯ ಪುಟ ತೆರೆದಳು. ಅಲ್ಲಿತ್ತು ಹೊಸ ಫಜೀತಿ: ಮನೆಯ ಪ್ರತಿಯೊಬ್ಬ ದೊಡ್ಡವರ ಫೋನಿಗೂ ಆರಂಕಿಯ ಒಂದು ಕೋಡ್ ಬರುತ್ತದೆ. ಒಪ್ಪಿಗೆಯಿದ್ದರೆ ಅದನ್ನು ಹೇಳಬೇಕು, ಮೂರು ನಿಮಿಷದೊಳಗೆ ಇಲ್ಲಿ ತುಂಬಬೇಕು.

ಮೊದಲು ಕೋಸಿಮ್. ಅವನು ನಿಂಬೆತೋಟದ ತಗ್ಗಿನಲ್ಲಿ, ಫೋನು ಮೇಲೆ ಗೂಟಕ್ಕೆ ನೇತುಹಾಕಿದ ಕೋಟಿನಲ್ಲಿ. ಸುಂಬುಲ್ ಜಡೆ ಹಾರಿಸಿಕೊಂಡು ಓಡಿದಳು. ಓಡುತ್ತ ಬಂದು ಏದುಸಿರಲ್ಲೇ ಆರಂಕಿ ಒಪ್ಪಿಸಿದಳು. ಹಸಿರು! ಆಮೇಲೆ ಬೋತಿರ್. ಅವನು ಕಾರು ಪಕ್ಕಕ್ಕೆ ನಿಲ್ಲಿಸಿ ಫೋನಿನಲ್ಲಿ ಓದಲಾರಂಭಿಸಿದ, ಅಮ್ಮನಿಗೆ ಸರಿಯಾಗಿ ಕೇಳಿಸಲೆಂದು ಒಳಗಿದ್ದ ನಾಲ್ಕು ಪ್ರಯಾಣಿಕರೂ ಒಟ್ಟಿಗೆ ಕೂಗಿದರು: "ಎಂಟು! ಸೊನ್ನೆ! ಮೂರು!" ಹಸಿರು! ಸಲೋಮತ್ ಕುಣಿದಳು.

ಆಮೇಲೆ ಓಯ್ದಿನ್. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

"ಕೋಡ್ ಬಂದಿದೆ ಅಮ್ಮ. ಹೇಳೋ ಮೊದಲು ಒಂದು ಮಾತು. ನನ್ನ ಹೆಸರಿನ ಮುಂದೆ ಏನು ಬರೆದಿದೀರಿ?"

ಹೋಸಿಯತ್ ಪರದೆ ನೋಡಿದಳು. ಮೂವತ್ತನಾಲ್ಕು ವರ್ಷ ಸುಳ್ಳು ಹೇಳಿದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿದವಳು ಅವಳು.

"ಸಹಾಯಕಿ."

"ಸಂಬಳ?"

"ಸೊನ್ನೆ."

"ನಿಮ್ಮ ಕೆಲಸಕ್ಕೆ ನಾನು ಅಡ್ಡ ಬರಲ್ಲ ಅಮ್ಮ. ಆದ್ರೆ ಇದಕ್ಕೆ ಒಪ್ಪಿಗೆ ಅಂತ ನನ್ನ ಬಾಯಲ್ಲಿ ಬರಲ್ಲ. ಬಲವಂತ ಮಾಡ್ಬೇಡಿ."

ಮೂರು ನಿಮಿಷ ಮುಗಿಯಿತು. ಕೋಡ್ ಸತ್ತಿತು. ಐದು ಗಂಟೆ ಹತ್ತು ನಿಮಿಷ.

"ಬೇರೆ ಯಾರದ್ದಾದ್ರೂ..." ಎಂದು ಸಲೋಮತ್ ಬಾಯಿ ತೆರೆದಳು.

"ಸುಮ್ಮನಿರು" ಎಂದಳು ಹೋಸಿಯತ್. ಮೌಸ್ ಹಿಡಿದು ಮೂರನೇ ಪುಟಕ್ಕೆ ವಾಪಸು ಹೋದಳು. 'ಸಹಾಯಕಿ' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಪರದೆ ಎಚ್ಚರಿಸಿತು: ಸಹಾಯಕಿ ಇಲ್ಲದೆ ಅರ್ಜಿ ನಡೆಯದು, ಮನೆಯವರಲ್ಲದಿದ್ದರೂ ಸರಿ.

"ನನ್ನ ಹೆಸರು ಹಾಕಿ ಓಪಾ!" ಸಲೋಮತ್ ತಡೆಯಲಾರದೆ ಕೂಗಿದಳು. "ಮೂರು ವಾರದಿಂದ ಇದರ ಮುಂದೆ ನಿಮ್ಮ ಜೊತೆ ಯಾಕೆ ಕೂತಿದೀನಿ ಅಂದ್ಕೊಂಡ್ರಿ? ಕೊರಿಯನ್ ಕಲಿಯೋಕಾ?"

"ಅಯ್ಯೋ ಪುಣ್ಯಾತ್ಗಿತ್ತಿ, ಮೊದಲೇ ಹೇಳೋಕೇನಾಗಿತ್ತು?"

"ನೀವು ಕೇಳ್ಳಿಲ್ಲ."

ಓಯ್ದಿನ್ ಬಾಯಲ್ಲಿ ಕೇಳಿದ್ದ ಮಾತೇ ಇದು, ಎರಡನೇ ಸಲ. ಹೋಸಿಯತ್ ಒಂದು ಕ್ಷಣ ಅವಳ ಮುಖ ನೋಡಿ, ಮತ್ತೆ ಗುಂಡಿಗಳಿಗೆ ತಿರುಗಿದಳು. ಬೆರಳುಗಳು ಈಗ ಅಕ್ಷರ ಹುಡುಕುತ್ತಿರಲಿಲ್ಲ, ತಾವೇ ಹೋಗುತ್ತಿದ್ದವು. ಸಲೋಮತ್‌ಳ ಹೆಸರು, ಪಾಸ್‌ಪೋರ್ಟು, ಸಂಬಳ. ಆಮೇಲೆ ಓಯ್ದಿನ್‌ಳ ಹೆಸರಿನ ಮುಂದೆ, 'ಉದ್ಯೋಗ' ಎಂಬಲ್ಲಿ: ಗಾರ್ಮೆಂಟ್ಸ್ ಸೂಪರ್‌ವೈಸರ್, ಪೂರ್ಣಾವಧಿ. 'ಯಾವಾಗಿನಿಂದ' ಎಂಬಲ್ಲಿ: ಮಾರ್ಚ್ ಒಂದು.

"ಓಯ್ದಿನ್ ಪೂರ್ತಿ ದಿನ ಹೋಗೋಕೆ ಕೋಸಿಮ್ ಅಕಾ ಇನ್ನೂ ಒಪ್ಪಿಲ್ವಲ್ಲ ಓಪಾ?"

"ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯೋ ಅಭ್ಯಾಸ ನನಗಿಲ್ಲ. ಆದ್ದರಿಂದ ಅವರು ಒಪ್ಪಲೇಬೇಕು."

ಪುಟ ಬದಲಾಗಿದ್ದರಿಂದ ಹಳೆಯ ಒಪ್ಪಿಗೆಗಳೆಲ್ಲ ಅಳಿಸಿಹೋಗಿದ್ದವು. ಐದೂ ಮೂವತ್ತೈದು. ಮತ್ತೆ ಎಲ್ಲರಿಗೂ ಹೊಸ ಕೋಡ್. ಬೋತಿರ್ ಮಾರ್ಗಿಲಾನ್ ಪೇಟೆಯ ವಾಹನಗಳ ಗದ್ದಲದಲ್ಲಿ ಸಿಕ್ಕಿಕೊಂಡಿದ್ದ. ಪೊಲೀಸಿನವನು ಸೀಟಿ ಊದುವ ನಡುವೆಯೇ ಆರಂಕಿ ಅರಚಿದ. ಕೋಸಿಮ್ ಈ ಸಲ ಫೋನು ಹಿಡಿದುಕೊಂಡು ಮಣ್ಣುಗಾಲಲ್ಲಿ ತಾನೇ ಬಂದ.

"ಮತ್ತೆ ಯಾಕೆ ಕೋಡು? ಏನು ಬದಲಾಯಿಸಿದೆ?"

ಹೋಸಿಯತ್ ಓದಿ ಹೇಳಿದಳು. ಕೋಸಿಮ್‌ನ ಮುಖ ಕೆಂಪಾಯಿತು.

"ಸೊಸೆ ಪೂರ್ತಿ ದಿನ ಹೊರಗೆ ಅಂತ ನನ್ನ ಕೇಳಿ ಬರೆದ್ಯಾ?"

"ಇಲ್ಲ. ಈಗ ಕೇಳ್ತಿದೀನಿ. ಎರಡು ನಿಮಿಷ ಇದೆ."

"ಬೆಳಿಗ್ಗೆ ಅಂಗಳ?"

"ನಾನು ಗುಡಿಸ್ತೀನಿ. ಅವಳು ಬರೋಕೆ ಮುಂಚೆ ಈ ಮನೆಯಂಗಳ ಇಪ್ಪತ್ತು ವರ್ಷ ಯಾರು ಗುಡಿಸಿದ್ದು?"

"ರೊಟ್ಟಿ?"

"ಒಂದು ದಿನ ನೀವು, ಒಂದು ದಿನ ನಾನು. ಒಂದು ನಿಮಿಷ ಹತ್ತು ಸೆಕೆಂಡು."

ಶೆಡ್ಡಿನಿಂದ ಬಂದು ನಿಂತಿದ್ದ ಎರ್ಗಶ್, ಸಲೋಮತ್, ಸುಂಬುಲ್ ಮೂವರೂ ಅವನನ್ನೇ ನೋಡುತ್ತಿದ್ದರು. ಕೋಸಿಮ್ ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದ.

"ಅಜ್ಜಾ, ಬೇಗ!" ಸುಂಬುಲ್ ಅವನ ಅಂಗಿ ಜಗ್ಗಿದಳು.

"ಇರು ಮಾರಾಯ್ತಿ. ಏಳು... ಏಳು... ಒಂದು..."

ಹಸಿರು!

ಓಯ್ದಿನ್‌ಳ ಫೋನು ಎರಡು ಸಲ ಪೂರ್ತಿ ರಿಂಗಾದರೂ ಎತ್ತಲಿಲ್ಲ. ಐದೂ ನಲವತ್ತೇಳು. ಮೂರನೇ ಸಲಕ್ಕೆ ಎತ್ತಿದಳು.

"ಅಮ್ಮ, ಹೇಳಿದ್ನಲ್ಲ..."

"ಮೊದಲು ಕೇಳು. ಓದ್ತೀನಿ." ಹೋಸಿಯತ್ ತರಗತಿಯಲ್ಲಿ ಪಾಠ ಓದುವಂತೆ ಸ್ಪಷ್ಟವಾಗಿ ಓದಿದಳು. ಹೆಸರು, ಉದ್ಯೋಗ, ತಾರೀಕು. ನಿಲ್ಲಿಸಿ, "ಆವತ್ತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದು ಮಗಳೇ" ಎಂದಳು.

ಆಚೆಯಿಂದ, ಯಂತ್ರಗಳ ಗದ್ದಲದ ನಡುವೆ, ಮೂಗು ಏರಿಸಿಕೊಂಡ ಸದ್ದು.

"ಅಪ್ಪನಿಗೆ ಗೊತ್ತಾ?"

"ಇಲ್ಲೇ ನಿಂತಿದಾರೆ. ಮಣ್ಣುಗಾಲಲ್ಲಿ ಸಲೋಮತ್‌ಳ ಕಾರ್ಪೆಟ್ ಹಾಳುಮಾಡ್ತಿದಾರೆ."

ಓಯ್ದಿನ್ ನಕ್ಕಳು. ಮೂರು ವಾರದ ಮೇಲೆ ಕೇಳಿದ ನಗು. "ಬರ್ಕೊಳ್ಳಿ ಅಮ್ಮ. ಎರಡು, ಒಂಬತ್ತು, ನಾಲ್ಕು, ನಾಲ್ಕು, ಸೊನ್ನೆ, ಆರು. ಬೇಗ, ಇನ್ನು ಅರ್ಧ ನಿಮಿಷ ಇದೆ!"

ಕಳುಹಿಸುವ ಗುಂಡಿ ಒತ್ತಿದಾಗ ಗಂಟೆ ಐದೂ ಐವತ್ತೆರಡು. ಪರದೆಯ ನಡುವೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಹೋಸಿಯತ್ ಸಲೋಮತ್‌ಳ ಕೈಯನ್ನು ಹಿಂಡುತ್ತಿದ್ದಳು. ಆಮೇಲೆ ಚಕ್ರ ನಿಂತು, ಹಸಿರು ಪಟ್ಟಿಯ ಕೆಳಗೆ ಉದ್ದನೆಯ ಒಂದು ನೋಂದಣಿ ಸಂಖ್ಯೆ ಮೂಡಿತು. ಆ ಮನೆಯಲ್ಲೆದ್ದ ಗದ್ದಲಕ್ಕೆ ಬೀದಿಯವರು ಹೆರಿಗೆಯೋ ಮದುವೆಯೋ ಎಂದು ಬಾಗಿಲಿಗೆ ಬಂದರು.

ಮೂರನೇ ವಾರ ಜಿಲ್ಲೆಯಿಂದ ಪರಿಶೀಲನೆಗೆ ಒಬ್ಬ ಹೆಂಗಸು ಬಂದಳು. ಕಿಟಕಿ ಅಳೆದಳು, ನಲ್ಲಿ ತಿರುಗಿಸಿ ನೋಡಿದಳು, ಕೋಸಿಮ್‌ನ ಉಗುರುಗಳನ್ನೂ ಪರೀಕ್ಷಿಸಿದಳು. ಕೊನೆಗೆ ಚಹಾ ಮುಂದೆ ಕೂತು ಕೇಳಿದಳು: "ಈ ಅರ್ಜಿ ತುಂಬಿದ್ದು ಯಾರು?"

"ನಾನೇ. ಯಾಕೆ, ತಪ್ಪಾಗಿದೆಯಾ?"

"ಒಂದೇ ಒಂದು. ಮಕ್ಕಳ ವಯಸ್ಸು ಅಂತ ಇರೋ ಕಡೆ ನಿಮ್ಮ ವಯಸ್ಸು ತುಂಬಿದೀರಿ. ನಮ್ಮ ದಾಖಲೆ ಪ್ರಕಾರ ನಿಮ್ಮ ಶಿಶುವಿಹಾರದಲ್ಲಿ ಅರವತ್ತೆರಡು ವರ್ಷದ ಹದಿನೈದು ಮಕ್ಕಳು."

ಎಲ್ಲರಿಗಿಂತ ಮೊದಲು ನಕ್ಕದ್ದು ಕೋಸಿಮ್. "ಹಂಗಿದ್ರೆ ಗಂಜಿ ನಡೆಯಲ್ಲ, ಪಲಾವೇ ಆಗ್ಬೇಕು! ಹಲ್ಲಿಲ್ಲದೋರಿಗೆ ಚೆನ್ನಾಗಿ ಬೇಯಿಸಿ!" ಹೋಸಿಯತ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಂದವಳೂ ನಗುತ್ತ ತನ್ನ ಯಂತ್ರದಲ್ಲೇ ಅದನ್ನು ತಿದ್ದಿ, ಒಪ್ಪಿಗೆ ಒತ್ತಿದಳು.

ಏಪ್ರಿಲ್ ಮೊದಲ ಸೋಮವಾರ, ಬೆಳಿಗ್ಗೆ ಏಳು. ದೊಡ್ಡ ಕೋಣೆಯ ತುಂಬ ಕಡಲೆಹಿಟ್ಟಿನ ಬಣ್ಣದ ಪುಟ್ಟ ಮೇಜುಗಳು. ಗೇಟಿನಲ್ಲಿ ತಾಯಂದಿರ ಸಂತೆ. ಒಂದು ಮಗು ಅಳುತ್ತಿತ್ತು, ಅದನ್ನು ನೋಡಿ ಇನ್ನೊಂದು. ಸಲೋಮತ್ ಒಂದೊಂದರ ಬೂಟನ್ನು ಬಿಚ್ಚಿ ಸಾಲಾಗಿ ಇಡುತ್ತಿದ್ದಳು. ಹೋಸಿಯತ್‌ಳ ಸೊಂಟದ ಎರಡೂ ಬದಿಗೆ ಒಂದೊಂದು ಮಗು. ಬೀದಿಯ ತುದಿಯಲ್ಲಿ ಗಾರ್ಮೆಂಟ್ಸ್ ವ್ಯಾನು ಹಾರ್ನು ಹೊಡೆಯಿತು.

ಓಯ್ದಿನ್ ಹೊಸ ಕೋಟು ತೊಟ್ಟು, ಒಳಬರುವ ಮಕ್ಕಳ ಹೊಳೆಗೆ ಎದುರಾಗಿ ಗೇಟಿನ ಕಡೆ ನುಗ್ಗಿದಳು. "ಅಮ್ಮ, ಇವತ್ತು ಬರೋದು ಏಳಾಗುತ್ತೆ!"

"ಆಗ್ಲಿ!" ಎಂದಳು ಹೋಸಿಯತ್, ತಿರುಗಿಯೂ ನೋಡದೆ. ಒಂದು ಮಗು ಅವಳ ಕನ್ನಡಕ ಕಿತ್ತುಕೊಂಡಿತ್ತು.

ಆಗ ಅಡುಗೆಮನೆಯ ಕಿಟಕಿಯಿಂದ, ಬಿಳಿ ಟೊಪ್ಪಿ ಹಾಕಿದ ಕೋಸಿಮ್‌ನ ತಲೆ ಹೊರಬಂತು.

"ಓಯ್ದಿನ್! ಮಗಳೇ! ಹಾಲು ಉಕ್ತಾ ಇದೆ! ರವೆ ಎಲ್ಲಿಟ್ಟಿದೀಯಾ?"

ಓಯ್ದಿನ್ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದಕ್ಕೆ ಇಟ್ಟಳು. ನಿಂತಳು. ಆಮೇಲೆ ಗೇಟಿನಾಚೆ ಜಿಗಿದು, ವ್ಯಾನಿನ ಕಡೆ ಓಡುತ್ತಲೇ ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಹುಡುಕ್ಕೊಳ್ಳಿ ಅಪ್ಪಾ!"